ಆಪ್ತವಾಕ್ಯವೂ ಆಪ್ತರ ಮಾತೂ

ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿದು ಕುಳಿತ ಭಕ್ತನಿಗೂ ಆತನ ದೇವನಿಗೂ ನಡುವೆ ಮೂರನೆಯವನಿಲ್ಲ. ಹನ್ನೆರಡನೆಯ ಶತಮಾನದ ಶಿವಶರಣರು ಈ ನಾಡಿಗೆ ಕೊಟ್ಟ ಕೊಡುಗೆಗಳಲ್ಲಿ ಇದು ಬಹು ದೊಡ್ಡದು. ದೇಗುಲದ ಬಾಗಿಲು, ಅದರ ಕೀಲಿ, ಆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಪೂಜಾರಿ, ಅವನ ಕೃಪೆಗಾಗಿ ಹೊರಗೆ ಕಾದು ನಿಂತ ಜನ, ಈ ಸಾಲನ್ನೆಲ್ಲ ಬದಿಗೆ ಸರಿಸಿ ಅವರು ದೇವನನ್ನು ಬಡವನ ಅಂಗೈಗೆ ತಂದುಕೊಟ್ಟರು. ನಡುವೆ ಮಧ್ಯಸ್ಥನಿಲ್ಲದ ಸಂಬಂಧವೇ ಮೇಲಾದುದು ಎಂಬ ಭಾವನೆ ಆದ್ದರಿಂದ ನಮಗೆ ರಕ್ತಗತವಾಗಿ ಬಂದಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಇಂದು ಅಂಗೈಗೆ ಇನ್ನೊಂದು ವಸ್ತು ಬಂದು ಕುಳಿತಿದೆ. ಅದನ್ನು ಇಷ್ಟಲಿಂಗದೊಡನೆ ಹೋಲಿಸುವುದು ಸಲ್ಲದು. ಈ ಲೇಖಕನ ಉದ್ದೇಶವೂ ಅದಲ್ಲ. ಆದರೆ ಮೊಬೈಲ್ ಫೋನು ಕೊಡುವ ಭರವಸೆ ಮಾತ್ರ ನಮ್ಮ ಕಿವಿಗೆ ಪರಿಚಿತವಾದುದೇ ಆಗಿದೆ. ನಿನ್ನ ಮಾತು ನೇರವಾಗಿ ನಿನ್ನವನಿಗೆ ಮುಟ್ಟುತ್ತದೆ, ನಡುವೆ ಯಾರೂ ಇಲ್ಲ, ಯಾರೂ ಓದುವುದಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಅದು ಹೇಳುತ್ತದೆ. ನಂಬಿಗಸ್ಥರಾದ ಸರೀಕರು, ಅಂದರೆ ಒಬ್ಬರಿಗಿಂತ ಒಬ್ಬರು ಮೇಲೂ ಅಲ್ಲದ ಕೆಳಗೂ ಅಲ್ಲದ ಓರಗೆಯವರು, ಒಡೆಯನಿಲ್ಲದ ಜಾಲವೊಂದನ್ನು ಕಟ್ಟಿಕೊಂಡು ಅದರೊಳಗೆ ಮಾತನ್ನೂ ಸೇವೆಯನ್ನೂ ಕೊಟ್ಟು ಕೊಳ್ಳುವುದು ಕೇಳುವುದಕ್ಕೆ ಎಷ್ಟು ಹಿತವಾಗಿದೆ! ಆದರೆ ಅಂತಹ ಜಾಲದಲ್ಲಿ ಕೈಯಿಂದ ಕೈಗೆ ಸಾಗಿ ಬಂದ ಮಾತಿಗೆ ಹೊಣೆ ಯಾರು? ವಿಚಾರ ಮಾಡತಕ್ಕ ವಿಷಯವಿದು.

ಮೊದಲು ಆ ಭರವಸೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ನೋಡಿಬಿಡೋಣ. ಹಿಂದಿನ ಕಾಲದಲ್ಲಿ ಗುಪ್ತಪತ್ರ ಬರೆಯಬೇಕಾದವರು ಮೊದಲು ಒಂದೆಡೆ ಕೂಡಿ ತಮ್ಮ ಗುಟ್ಟಿನ ಸಂಕೇತವನ್ನು ಗೊತ್ತುಮಾಡಿಕೊಳ್ಳಬೇಕಾಗಿತ್ತು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಎಲ್ಲರೂ ಕೇಳುವ ತಂತಿಯ ಮೇಲೆಯೇ ಮಾತಾಡಿ ತಮ್ಮಿಬ್ಬರಿಗೆ ಮಾತ್ರ ತಿಳಿಯುವ ಗುಟ್ಟನ್ನು ಕಟ್ಟಿಕೊಳ್ಳುವ ಗಣಿತಮಾರ್ಗವನ್ನು 1976ರಲ್ಲಿ ಅಮೇರಿಕೆಯ ಡಿಫಿ ಮತ್ತು ಹೆಲ್‌ಮನ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ನಮ್ಮೆಲ್ಲರ ಕೈಯಲ್ಲಿರುವ ವಾಟ್ಸ್‌ಆ್ಯಪ್ 2016ರಲ್ಲಿ ತನ್ನ ಎಲ್ಲ ಬಳಕೆದಾರರ ಸಂದೇಶಗಳಿಗೂ ಈ ಬಗೆಯ ಬೀಗವನ್ನು ಹಾಕಿತು. ಗೋಕಾಕದಲ್ಲಿ ಬೀಗ ಹಾಕಿದ ಮಾತು ಹುಕ್ಕೇರಿಯಲ್ಲಿರುವವನ ಫೋನಿನಲ್ಲಿಯೇ ತೆರೆಯತಕ್ಕದ್ದು. ನಡುವಿನ ಕಂಪನಿಗೂ ಅದನ್ನು ಓದಲು ಬಾರದು. ಆದರೆ ಕಂಪನಿ ನಡುವೆ ಇದ್ದೇ ಇದೆ. ಅಂಚೆಯವನು ಲಕೋಟೆಯನ್ನು ಒಡೆಯದಿದ್ದರೂ ಯಾರು ಯಾರಿಗೆ ಎಷ್ಟು ಸಲ ಬರೆದರೆಂಬುದನ್ನು ಬಲ್ಲ. ಇಷ್ಟೂ ಬೇಡವೆನ್ನುವವರು ಬೇರೆ ಮಾರ್ಗ ಹಿಡಿದಿದ್ದಾರೆ. 2006ರಲ್ಲಿ ಆರಂಭವಾದ ರೆಟ್ರೊಶೇರ್ ಎಂಬ ವ್ಯವಸ್ಥೆಯಲ್ಲಿ ಪರಸ್ಪರ ಕೀಲಿಗಳನ್ನು ಕೊಟ್ಟುಕೊಂಡ ಸ್ನೇಹಿತರ ಯಂತ್ರಗಳು ಮಾತ್ರ ಒಂದರೊಡನೊಂದು ನೇರವಾಗಿ ಮಾತಾಡುತ್ತವೆ. ಬ್ರಾಯರ್ ಎಂಬುದೊಂದು ಇಂಟರ್‌ನೆಟ್ಟೇ ಇಲ್ಲದಾಗಲೂ ಹತ್ತಿರದ ಫೋನಿನಿಂದ ಫೋನಿಗೆ ಸುದ್ದಿಯನ್ನು ದಾಟಿಸಬಲ್ಲದು.

ನಮ್ಮ ಹುಕ್ಕೇರಿಯವರಿಗೆ ಈ ಮಾತಿನ ಒಳಗುಟ್ಟು ಬೇಗ ತಿಳಿಯುತ್ತದೆ. 1969ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಕಟ್ಟಲಾಯಿತು. ಆಂಧ್ರದ ಸಿರಿಸಿಲ್ಲ (ಈಗ ತೆಲಂಗಾಣದಲ್ಲಿದೆ), ಗುಜರಾತದ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಇವುಗಳ ಸಾಲಿನಲ್ಲಿ ಅಂದಿನ ಮೈಸೂರು ರಾಜ್ಯದಿಂದ ಸೇರಿದ್ದು ಹುಕ್ಕೇರಿ. ದೂರದ ಮಂಡಳಿಯ ಕೃಪೆಗಾಗಿ ಕಾಯದೆ ರೈತರೇ ಸದಸ್ಯರಾಗಿ, ತಾವೇ ಒಡೆಯರಾಗಿ, ತಮ್ಮ ಪಂಪುಸೆಟ್ಟಿಗೂ ಮನೆಯ ದೀಪಕ್ಕೂ ತಾವೇ ತಂತಿ ಎಳೆದುಕೊಂಡ ಸಾಹಸವದು. ಕಂಬ ಸಂಘದ್ದು, ತಂತಿ ಸಂಘದ್ದು, ಬಿಲ್ಲು ಕೊಡುವವನೂ ಸಂಘದ ನೌಕರ. ಆದರೆ ಕರೆಂಟು? ಅದನ್ನು ಬೇರೆಡೆಯಿಂದ ಕೊಂಡೇ ತರಬೇಕು. ನಡುವೆ ಯಾರೂ ಇಲ್ಲ ಎಂಬುದು ಯಾವ ಕಾಲಕ್ಕೂ ಸ್ವಲ್ಪಮಟ್ಟಿಗೆ ಮಾತ್ರ ನಿಜವಾಗುವ ಮಾತು. ಇದರಿಂದ ಆ ಸಾಹಸದ ಬೆಲೆಯೇನೂ ಕಡಿಮೆಯಾಗುವುದಿಲ್ಲ; ಸ್ವಾವಲಂಬನೆಯ ಮೇಲೆ ಭಾಷಣ ಬಿಗಿಯುವ ನಮ್ಮಂಥವರು ಇದನ್ನು ನೆನಪಿನಲ್ಲಿಟ್ಟರೆ ಸಾಕು.

ಯಂತ್ರದ ವಿಷಯ ಇಷ್ಟಿರಲಿ. ನನ್ನನ್ನು ಕಾಡಿದ ಪ್ರಶ್ನೆ ಒಂದು ರಾತ್ರಿಯದು.

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಕಟ್ಟಿ ನಿಲ್ಲಿಸಿದ ಘಟಪ್ರಭೆಯ ನೀರು ಗೋಕಾಕದ ಜಲಪಾತದಲ್ಲಿ ಧುಮುಕಿ, ಊರ ಮಗ್ಗುಲಲ್ಲಿ ಹರಿದು, ಮೊದಲು ಗೋಕಾಕ ತಾಲೂಕಿನಲ್ಲಿಯೇ ಇದ್ದ ಮೂಡಲಗಿಯ ಕಡೆಯ ಹಳ್ಳಿಗಳನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ಈ ಮೂರು ಸೀಮೆಗಳನ್ನು ನೀರು ಬೆಸೆದಂತೆಯೇ ನೀರಿನ ಸುದ್ದಿಯೂ ಬೆಸೆಯುತ್ತದೆ. ಮೇಲಿನವರು ಕಂಡದ್ದನ್ನು ಕೆಳಗಿನವರಿಗೆ ಹೇಳುವುದು ಹೊಳೆಯ ದಂಡೆಯ ಹಳೆಯ ಧರ್ಮ. 2019ರ ಆಗಸ್ಟಿನಲ್ಲಿ ಹೊಳೆ ದಂಡೆ ಮೀರಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳಲ್ಲಿ ಮನೆಗಳು ನೀರಲ್ಲಿ ನಿಂತವು. ಅಂತಹದೊಂದು ರಾತ್ರಿ, ಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಗೆಳೆಯನಿಂದ ಸಂದೇಶವೊಂದು ಬಂದಿತು. ಆಣೆಕಟ್ಟಿಗೆ ಅಪಾಯ ಒದಗಿದೆ, ಬೆಳಗಾಗುವುದರೊಳಗೆ ದಂಡೆಯ ಊರುಗಳು ಬರಿದಾಗತಕ್ಕದ್ದು ಎಂಬುದು ಅದರ ಸಾರಾಂಶ. ಆತ ಸುಳ್ಳಾಡಿದ್ದನ್ನು ನಾನು ನಾಲ್ವತ್ತು ವರ್ಷಗಳಲ್ಲಿ ಕಂಡಿಲ್ಲ. ಒಂದು ಕ್ಷಣವೂ ತಡೆಯದೆ, ಮೂಡಲಗಿಯ ಕಡೆ ಹೊಳೆಯ ಸಮೀಪದ ಹಳ್ಳಿಯಲ್ಲಿದ್ದ, ದೂರದ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕಾದ ಹಿರಿಯರಿಗೆ ಅದನ್ನು ದಾಟಿಸಿದೆ. ಅವರ ಮನೆ ಎತ್ತರದಲ್ಲಿತ್ತು. ಅಲ್ಲಿಗೆ ನೀರು ಬಂದಿರಲಿಲ್ಲ, ಕೊನೆಗೂ ಬರಲಿಲ್ಲ. ಆದರೆ ಕಾಕಾ ದನಗಳ ಕಣ್ಣಿ ಬಿಚ್ಚಿ, ಎಂಬತ್ತು ದಾಟಿದ ತಾಯಿಯನ್ನು ಎಬ್ಬಿಸಿಕೊಂಡು, ಸುರಿವ ಮಳೆಯಲ್ಲಿ ಕತ್ತಲಲ್ಲಿ ರಸ್ತೆಯ ಕಡೆಗಿನ ಶಾಲೆಗೆ ನಡೆದರು. ದಾರಿಯಲ್ಲಿ ಗಬ್ಬದ ಆಕಳೊಂದು ಕಣ್ತಪ್ಪಿ ಹೋಯಿತು, ಮರಳಿ ಸಿಗಲಿಲ್ಲ. ಆ ಮುದುಕಿ ಜ್ವರ ಹಿಡಿದು ದಸರೆಯವರೆಗೂ ಹಾಸಿಗೆ ಬಿಡಲಿಲ್ಲ. ಆಣೆಕಟ್ಟಿಗೆ ಏನೂ ಆಗಿರಲಿಲ್ಲ.

ಮುಂದೆ ನಾನು ಗೆಳೆಯನನ್ನು ಕೇಳಿದೆ. ಅವನಿಗೆ ಅದು ಅವನ ಬೀಗರಿಂದ ಬಂದಿತ್ತು. ಬೀಗರಿಗೆ ಅವರ ಅಂಗಡಿಯ ಪಾಲುದಾರರಿಂದ. ಪಾಲುದಾರರಿಗೆ ನಿವೃತ್ತ ಶಿಕ್ಷಕರೊಬ್ಬರಿಂದ. ಅಲ್ಲಿಂದಾಚೆಗೆ ದಾರಿ ಸಿಗಲಿಲ್ಲ. ನಾನು ವಿಚಾರಿಸಿದವರೆಲ್ಲ ಸಭ್ಯರು, ಸತ್ಯವಂತರು, ಪರರ ಕೇಡನ್ನು ಕನಸಿನಲ್ಲಿಯೂ ಬಯಸದವರು. ಕಾಕಾನ ಕ್ಷಮೆ ಕೇಳಲು ಹೋದಾಗ ಅವರು ಬೈಯಲಿಲ್ಲ. ಅವರಾಡಿದ ಒಂದೇ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು: “ತಮ್ಮಾ, ನೀ ಕಳಿಸಿದ್ದು ಅಂತ ನಾ ಹೊಂಟೆ. ಬ್ಯಾರೆಯವರು ಕಳಿಸಿದ್ರ ಹೊಂಡತಿರಲಿಲ್ಲ.”

ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಸುಳ್ಳು ಮಾತ್ರ ಇದೆ. ನಮಗೆ ಕಲಿಸಿದ ಸತ್ಯಧರ್ಮವು ಆಡುವವನ ಮನಸ್ಸನ್ನು ನೋಡುತ್ತದೆ. ತಿಳಿದೂ ತಪ್ಪು ಹೇಳಿದವನು ಹುಸಿಕ, ತಿಳಿಯದೆ ಹೇಳಿದವನು ಅಜ್ಞ. ಸರಪಣಿಯ ಒಂದೊಂದು ಕೊಂಡಿಯನ್ನೂ ಬೇರೆ ಬೇರೆಯಾಗಿ ಕೈಯಲ್ಲಿ ಹಿಡಿದು ನೋಡಿದರೆ ಎಲ್ಲವೂ ಚಿನ್ನ. ಕೂಡಿಸಿದರೆ ಹುಸಿಯ ಸರಪಣಿ! ಹಾಗಾದರೆ ದೋಷ ಎಲ್ಲಿದೆ?

ನಮ್ಮ ದೇಶದ ತಾರ್ಕಿಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಮುಟ್ಟಿದ್ದಾರೆ. ಅರಿವಿಗೆ ಸಾಧನವಾದ ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಶಬ್ದವನ್ನೂ ನ್ಯಾಯದರ್ಶನವು ಎಣಿಸುತ್ತದೆ. ಯಾವ ಶಬ್ದ? ಆಪ್ತನ ಶಬ್ದ. ಆಪ್ತನೆಂದರೆ ಯಾರೆಂಬುದನ್ನು ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಸ್ಪಷ್ಟಪಡಿಸಿದ್ದಾನೆ. ವಿಷಯವನ್ನು ಸ್ವತಃ ಸಾಕ್ಷಾತ್ಕರಿಸಿಕೊಂಡಿರಬೇಕು. ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯಿರಬೇಕು. ಈ ಎರಡೂ ಕೂಡಿದವನು ಆ ವಿಷಯದಲ್ಲಿ ಆಪ್ತ. ಇಲ್ಲಿ ‘ಆ ವಿಷಯದಲ್ಲಿ’ ಎಂಬುದು ಮುಖ್ಯ. ಒಬ್ಬನು ಎಲ್ಲ ವಿಷಯಗಳಲ್ಲಿಯೂ ಆಪ್ತನಾಗಲಾರ.

ಆದರೆ ಕನ್ನಡದಲ್ಲಿ ಈ ಶಬ್ದಕ್ಕೆ ಏನಾಗಿದೆ ನೋಡಿರಿ. ಇಂದು ಆಪ್ತನೆಂದರೆ ಹತ್ತಿರದವನು, ಜೀವದ ಗೆಳೆಯ, ಮನೆಯವನಂತಿರುವವನು. ಆಪ್ತೇಷ್ಟರು ಮದುವೆಗೆ ಬರುತ್ತಾರೆ. ಆಪ್ತಸಹಾಯಕನು ಮಂತ್ರಿಗಳ ಬಾಗಿಲಲ್ಲಿರುತ್ತಾನೆ. ಕಂಡವನೆಂಬ ಅರ್ಥ ಜಾರಿಹೋಗಿ ಬೇಕಾದವನೆಂಬ ಅರ್ಥ ಉಳಿದಿದೆ. ನಾನು ಆ ರಾತ್ರಿ ಮಾಡಿದ ತಪ್ಪು ಈ ಒಂದು ಶಬ್ದದ ಇತಿಹಾಸದಲ್ಲಿಯೇ ಅಡಗಿದೆ. ಗೆಳೆಯನು ನನಗೆ ಬೇಕಾದವನಾಗಿದ್ದ. ಆಣೆಕಟ್ಟಿನ ವಿಷಯದಲ್ಲಿ ಕಂಡವನಾಗಿರಲಿಲ್ಲ. ಕಾಕಾನಿಗೆ ನಾನೂ ಹಾಗೆಯೇ.

ಸೋಜಿಗದ ಸಂಗತಿಯೆಂದರೆ ಯಂತ್ರವನ್ನು ಕಟ್ಟಿದವರಲ್ಲಿ ಕೆಲವರು ಈ ಭೇದವನ್ನು ನಮಗಿಂತ ಚೆನ್ನಾಗಿ ಕಂಡಿದ್ದರು. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಎಂಬಾತನು ಪಿಜಿಪಿ ಎಂಬ ಗುಪ್ತಲಿಪಿಯ ವ್ಯವಸ್ಥೆಯನ್ನು ಜಗತ್ತಿಗೆ ಬಿಟ್ಟ. ‘ಈ ಕೀಲಿಯು ಇಂಥವನದೇ’ ಎಂದು ಸಾರಲು ಅಲ್ಲಿ ಸರಕಾರವೂ ಇಲ್ಲ, ಕಂಪನಿಯೂ ಇಲ್ಲ. ಪರಿಚಿತರೇ ಒಬ್ಬರ ಕೀಲಿಗೆ ಇನ್ನೊಬ್ಬರು ರುಜು ಹಾಕತಕ್ಕದ್ದು. ಆದರೆ ಆ ವ್ಯವಸ್ಥೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟಿದೆ. ಈ ಕೀಲಿ ನಿಜವಾಗಿ ಅವನದೇನು ಎಂಬುದೊಂದು. ಅವನು ಇನ್ನೊಬ್ಬನನ್ನು ಪರಿಚಯಿಸಿದರೆ ಆ ಪರಿಚಯವನ್ನು ನಂಬಬಹುದೇನು ಎಂಬುದು ಇನ್ನೊಂದು. ಗೆಳೆಯನಾದ ಮಾತ್ರಕ್ಕೆ ಅವನು ಒಳ್ಳೆಯ ಸಾಕ್ಷಿಯೆಂದು ಅದು ಗ್ರಹಿಸುವುದಿಲ್ಲ. ಅದೇ ಮಾರ್ಗದ ಗ್ನೂಪಿಜಿ ಎಂಬ ತಂತ್ರಾಂಶದ ಮೂಲ ನಿಯಮದಂತೆ ಪೂರ್ಣ ನಂಬಿಗಸ್ಥನೊಬ್ಬನ ರುಜು ಬೇಕು, ಅಥವಾ ಅರೆನಂಬಿಗಸ್ಥರು ಮೂವರದು ಬೇಕು. ಸರಪಣಿ ಐದು ಹೆಜ್ಜೆಗಳಿಗಿಂತ ಉದ್ದವಾದರೆ ಅದು ಒಪ್ಪುವುದಿಲ್ಲ. ನಂಬಿಕೆ ಪ್ರತಿ ಹೆಜ್ಜೆಗೂ ಸವೆಯುತ್ತದೆಂಬ ತಿಳಿವಳಿಕೆ ಅದರಲ್ಲಿದೆ. ನಾವಾದರೋ ಹತ್ತನೆಯ ಕೈಯಿಂದ ಬಂದದ್ದನ್ನೂ ಮೊದಲನೆಯ ಕೈಯದೆಂಬಂತೆ ಕಣ್ಣಿಗೊತ್ತಿಕೊಳ್ಳುತ್ತೇವೆ.

ಒಡೆಯನಿಲ್ಲದೆ ಸರೀಕರಲ್ಲಿಯೇ ನಡೆದ ವ್ಯವಹಾರಗಳು ನಮ್ಮಲ್ಲಿ ಹಿಂದೆಯೂ ಇದ್ದವು. ಅವು ನಿಂತದ್ದು ಬರಿಯ ವಿಶ್ವಾಸದ ಮೇಲಲ್ಲ. ಹೊಲದ ಕೆಲಸಕ್ಕೆ ಮುಯ್ಯಾಳು ಬಂದವನಿಗೆ ಮರುದಿನ ಮುಯ್ಯಾಳು ಹೋಗಲೇಬೇಕು. ಪೇಟೆಯ ಹುಂಡಿಯನ್ನು ತೆಗೆದುಕೊಳ್ಳಿರಿ. ಒಂದು ತುಂಡು ಕಾಗದ ಊರಿಂದೂರಿಗೆ ಕೈಯಿಂದ ಕೈಗೆ ದಾಟಿ ಹಣವಾಗುತ್ತಿತ್ತು, ಬ್ಯಾಂಕು ಬೇಕಿರಲಿಲ್ಲ. ಶಾಹಜೋಗ ಹುಂಡಿಯೆಂಬ ಬಗೆಯಲ್ಲಿ ಹಣ ಸಲ್ಲುತ್ತಿದ್ದುದು ಪೇಟೆಯಲ್ಲಿ ಹೆಸರಾದ ಶಾಹನಿಗೆ ಮಾತ್ರ. ಹುಂಡಿ ಕಳವಿನದೆಂದೋ ಖೊಟ್ಟಿಯೆಂದೋ ಮುಂದೆ ತಿಳಿದರೆ, ಹಣ ಎತ್ತಿದ ಆ ಶಾಹನೇ ಅದನ್ನು ಮರಳಿ ಕೊಡಬೇಕಾಗುತ್ತಿತ್ತು. ‘ನನಗೂ ಯಾರೋ ಕೊಟ್ಟದ್ದು’ ಎಂಬ ಉತ್ತರ ಅಲ್ಲಿ ನಡೆಯುತ್ತಿರಲಿಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆಯೂ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯನ್ನು ವಿಧಿಸಿತ್ತು. ಸಂಘ ಮುಳುಗಿದರೆ ಒಬ್ಬನ ಸಾಲಕ್ಕೆ ಇನ್ನೊಬ್ಬನ ಹೊಲವೂ ಉತ್ತರ ಹೇಳಬೇಕು. ಮರುವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಾಗ ಅದರ ಸದಸ್ಯರು ಹೊತ್ತುಕೊಂಡದ್ದು ಇಂತಹ ಭಾರವನ್ನು. ಅಂತಹ ಸಂಘದಲ್ಲಿ ಯಾರನ್ನು ಸೇರಿಸಿಕೊಳ್ಳಬೇಕೆಂದು ಜನ ಎಷ್ಟು ಎಚ್ಚರದಿಂದ ನೋಡುತ್ತಿದ್ದಿರಬೇಕು! ನಾವು ಇಂದು ಬೆರಳ ತುದಿಯಿಂದ ದಾಟಿಸುವ ಮಾತಿಗೆ ಹೊಲವೂ ಇಲ್ಲ, ಹಣವೂ ಇಲ್ಲ, ಹೆಸರೂ ಇಲ್ಲ.

ಹೆಸರೆಂದೊಡನೆ ನಮ್ಮ ವಚನಗಳ ತಾಡವೋಲೆಗಳು ನೆನಪಾಗುತ್ತವೆ. ಕಲ್ಯಾಣದ ವಿಪ್ಲವದ ತರುವಾಯ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಮುಂದಿನ ಶತಮಾನಗಳಲ್ಲಿ ಆ ವಾಙ್ಮಯವನ್ನು ಕಾಯಲು ಒಂದು ದೊಡ್ಡ ಭಂಡಾರವಿರಲಿಲ್ಲ. ಮಠಗಳಲ್ಲಿ, ಭಕ್ತರ ಮನೆಗಳಲ್ಲಿ, ಜಗಲಿಯ ಮೇಲಿನ ವಸ್ತ್ರದ ಗಂಟುಗಳಲ್ಲಿ, ಒಬ್ಬನ ಪ್ರತಿಯಿಂದ ಇನ್ನೊಬ್ಬನು ನಕಲು ಮಾಡಿಕೊಂಡು ಅದು ಉಳಿಯಿತು. ಒಂದೆಡೆ ಗೆದ್ದಲು ಹಿಡಿದರೆ ಇನ್ನೊಂದೆಡೆ ಪ್ರತಿಯಿತ್ತು. ಒಡೆಯನಿಲ್ಲದ ಜಾಲದ ಬಲವನ್ನು ತಿಳಿಯಲು ನಮಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಫ. ಗು. ಹಳಕಟ್ಟಿಯವರು ಮೂಡಲಗಿಗೆ ಬಹಳ ದೂರವಲ್ಲದ ರಬಕವಿ-ಬನಹಟ್ಟಿಗಳ ಕಡೆಗೂ ಇಂತಹ ಓಲೆಗಳನ್ನು ಕಂಡು ಬೆರಗಾದರು. ಊರೂರು ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಹಾಕಿಸಿದರು.

ಆದರೆ ಅದೇ ಜಾಲವು ಹುಸಿಯನ್ನೂ ಹೊತ್ತು ತಂದಿತು. ವಚನಕ್ಕೆ ಅಂಕಿತವೇ ರುಜು. ಆ ರುಜುವನ್ನು ಯಾರು ಬೇಕಾದರೂ ಬರೆಯಬಹುದು! ಹಿಂದಿನ ಶರಣರ ಅಂಕಿತವನ್ನಿಟ್ಟು ಮುಂದಿನವರು ಕಟ್ಟಿ ಸೇರಿಸಿದ ವಚನಗಳು ಭಕ್ತಿಯಿಂದಲೇ ನಕಲಾಗುತ್ತ ಬಂದವು. ವಿದ್ವಾಂಸರು ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು, ಪಾಠ ಪಾಠಗಳನ್ನು ತೂಗಿ, ಇದು ಮೂಲದ್ದು ಇದು ಪ್ರಕ್ಷಿಪ್ತವೆಂದು ಬೇರ್ಪಡಿಸಬೇಕಾಯಿತು. 1993ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದಾಗಿ ಹೊರಬರುವ ಹೊತ್ತಿಗೆ ಹಳಕಟ್ಟಿಯವರ ಮೊದಲ ಭಾಗಕ್ಕೆ ಎಪ್ಪತ್ತು ವರ್ಷ. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಕಂಡ ಸಾಕ್ಷಿಗೂ ಕೇಳಿದ ಸಾಕ್ಷಿಗೂ ಇರುವ ಅಂತರವನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಓಲೆಗಳನ್ನು ಕೈಯಲ್ಲಿ ಹಿಡಿದು ನೋಡಿದವರು ಇನ್ನೊಂದು ಸಂಗತಿಯನ್ನು ಬಲ್ಲರು. ಎಷ್ಟೋ ಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಬರೆದ ಸಂವತ್ಸರ ತಿಥಿಗಳು, ಯಾರಿಗಾಗಿ ಬರೆದನೆಂಬುದು, ಇವನ್ನು ದಾಖಲಿಸಿ, ಕೈತಪ್ಪಿದ ಅಕ್ಷರಗಳನ್ನು ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಂಡಿರುತ್ತಾನೆ. ಅವನು ಗ್ರಂಥಕರ್ತನಲ್ಲ, ಬರಿಯ ದಾಟಿಸುವವನು. ಆದರೂ ತನ್ನ ಕೈಯ ಹೊಣೆಯನ್ನು ಹೊತ್ತು ನಿಂತಿದ್ದಾನೆ. ಶೂನ್ಯಸಂಪಾದನೆಯ ಮಾತೂ ಇದೇ. ಗೋಕಾಕದಲ್ಲಿ ಆ ಹೆಸರಿನ ಮಠವೇ ಇರುವುದರಿಂದ ಓದುಗರಿಗೆ ಗ್ರಂಥದ ಪರಿಚಯ ಹೇಳಬೇಕಾಗಿಲ್ಲ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ, ಹೀಗೆ ನಾಲ್ವರು ಅದನ್ನು ಒಬ್ಬರಾದ ಮೇಲೊಬ್ಬರು ಸಂಪಾದಿಸಿದರು. ಹಿಂದಿನವರ ಕೃತಿಯನ್ನು ಪೂಜ್ಯವೆಂದು ತಿಳಿದೂ ಮುಂದಿನವರು ಅದನ್ನು ತಿದ್ದಿದರು, ಬೆಳೆಸಿದರು. ತಿದ್ದಿದ ಕೈ ಯಾರದೆಂಬುದನ್ನು ಮುಚ್ಚಿಡಲಿಲ್ಲ.

ದಾಟಿಸುವಾಗ ಕೇಳಬೇಕು, ಕೇಳುವುದು ಅವಿಶ್ವಾಸವಲ್ಲ. ಈ ಮಾತು ನಮ್ಮವರ ಮನಸ್ಸಿಗೆ ಹಿಡಿಸುವುದು ಕಷ್ಟ. ಗೆಳೆಯನು ಕಳಿಸಿದ್ದಕ್ಕೆ ‘ನೀನು ಕಂಡೆಯಾ?’ ಎಂದು ಕೇಳಿದರೆ ಅವನಿಗೆ ನೋವಾದೀತೆಂಬ ಅಂಜಿಕೆ. ಆಯ್ದಕ್ಕಿ ಲಕ್ಕಮ್ಮನಿಗೆ ಆ ಅಂಜಿಕೆ ಇರಲಿಲ್ಲ. ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಕುಟ್ಟಿ ಅಡಿಗೆಗಿಡಲಿಲ್ಲ. ಇದೇಕೆ ಹೆಚ್ಚೆಂದು ಕೇಳಿದಳು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಗಂಡನಲ್ಲಿ ಅವಳಿಗೆ ವಿಶ್ವಾಸವಿರಲಿಲ್ಲವೆಂದು ಯಾರಾದರೂ ಹೇಳಬಲ್ಲರೆ? ಅವನು ಒಳ್ಳೆಯವನೆಂಬುದೂ ಅವನ ಉಡಿಯಲ್ಲಿದ್ದ ಅಕ್ಕಿ ಹೆಚ್ಚಿನದೆಂಬುದೂ ಎರಡು ಬೇರೆ ಸಂಗತಿಗಳೆಂದು ಅವಳು ಬಲ್ಲಳು. ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನೆಗಳ ಮೂಲಕವೇ ಬರಮಾಡಿಕೊಂಡರೆಂದು ಶೂನ್ಯಸಂಪಾದನೆ ಚಿತ್ರಿಸುತ್ತದೆ. ಪ್ರಶ್ನೆ ಅಲ್ಲಿ ಅಪಮಾನವಾಗಿರಲಿಲ್ಲ. ಸರೀಕಳೆಂದು ಒಪ್ಪಿಕೊಳ್ಳುವ ರೀತಿಯಾಗಿತ್ತು.

ಹತ್ತಿರದವನನ್ನು ಕೇಳದೆ ನಂಬುವ ಮನಸ್ಸು ದೂರದವನನ್ನು ಕೇಳದೆ ಶಂಕಿಸುತ್ತದೆ. ಇವು ಒಂದೇ ರೋಗದ ಎರಡು ಲಕ್ಷಣಗಳು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನು ಬರೆಯಲು ಲೇಖಣಿ ಹಿಂಜರಿಯುತ್ತದೆ. ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಫೋನಿನಿಂದ ಫೋನಿಗೆ ಹಾರಿತು. ಮುರ್ಕಿಯಲ್ಲಿ ಜನ ಕೂಡಿ ಹೊಡೆದರು. ಒಬ್ಬ ತರುಣ ಇಂಜಿನಿಯರ ಸತ್ತುಹೋದ. ಬಸವಕಲ್ಯಾಣವಿರುವ ಜಿಲ್ಲೆಯದು! ಬಂದವನನ್ನು ಇವನಾರೆಂದು ದೂರ ತಳ್ಳದೆ ತನ್ನವನೆಂದು ಎಣಿಸಬೇಕೆಂದು ಬಸವಣ್ಣನವರು ಬೋಧಿಸಿದ ನೆಲವದು. ಅದೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಲು ಬಾರದಂತೆ ಕಟ್ಟುಹಾಕಿತು. 2020ರಲ್ಲಿ, ಐದು ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ ಮಾಡಿತು. ಬುದ್ಧಿಗೆ ಹಾಕಿಕೊಳ್ಳಬೇಕಾದ ಕಡಿವಾಣವನ್ನು ಬೆರಳಿಗೆ ಹಾಕಿದಂತಾಯಿತು. ಅದೂ ಬೇಕಾಗಿತ್ತು, ಒಪ್ಪುತ್ತೇನೆ. ಆಪ್ತನ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ವಾತ್ಸ್ಯಾಯನನು ಹೇಳಿರುವುದು ಇಲ್ಲಿ ನೆನೆಯತಕ್ಕದ್ದು. ಕಂಡು ಹೇಳುವವನು ಪರಕೀಯನಾದರೂ ಆಪ್ತ. ಕಾಣದೆ ಹೇಳುವವನು ಒಂದೇ ಪಂಕ್ತಿಯಲ್ಲಿ ಉಂಡವನಾದರೂ ಅಲ್ಲ.

ಹಾಗಾದರೆ ಈ ನೇರದ ಜಾಲವೇ ಬೇಡ, ಸರಕಾರದ ಸೂಚನೆ ಬರುವವರೆಗೆ ಎಲ್ಲರೂ ಬಾಯಿ ಮುಚ್ಚಿರಲಿ ಎಂದು ಕೆಲವರೆಂದಾರು. ಹೊಳೆಯ ದಂಡೆಯವರು ಇದನ್ನು ಒಪ್ಪಲಾರರು. ರಾತ್ರಿ ಎರಡು ಗಂಟೆಗೆ ನೀರು ಮೆಟ್ಟಿಲೇರಿದಾಗ ಕಚೇರಿಯ ಕಾಗದವನ್ನು ಕಾಯುತ್ತ ಕುಳಿತವನು ಮುಳುಗುತ್ತಾನೆ. ಗೋಕಾಕದ ತಗ್ಗಿನ ಓಣಿಯವನು ‘ನಮ್ಮ ಮನೆಯ ಹೊಸ್ತಿಲಿಗೆ ನೀರು ಬಂದಿದೆ, ನಾನೇ ನೋಡುತ್ತ ನಿಂತಿದ್ದೇನೆ’ ಎಂದು ಕೆಳಗಿನ ಊರಿಗೆ ಹೇಳಿದರೆ ಅದಕ್ಕಿಂತ ದೊಡ್ಡ ಪ್ರಮಾಣ ಯಾವುದು? ಮಧ್ಯಸ್ಥನನ್ನು ತೆಗೆದುಹಾಕುವುದರಲ್ಲಿ ತಪ್ಪಿಲ್ಲ. ಆದರೆ ಅವನನ್ನು ತೆಗೆದರೆ ಅವನು ಮಾಡುತ್ತಿದ್ದ ಕೆಲಸ ಇಲ್ಲವಾಗುವುದಿಲ್ಲ. ಅದು ನಮ್ಮ ಮೇಲೆ ಬೀಳುತ್ತದೆ. ಪೂಜಾರಿಯನ್ನು ಬಿಟ್ಟ ಶರಣನು ಪೂಜೆಯನ್ನು ಬಿಡಲಿಲ್ಲ. ದಿನವೂ ತಾನೇ ಮಾಡಿದನು, ಆಚಾರವನ್ನು ತಾನೇ ಕಾಯ್ದುಕೊಂಡನು. ಪತ್ರಿಕೆಯ ಸಂಪಾದಕ, ತಾರು ಕಚೇರಿಯ ಗುಮಾಸ್ತ, ಊರ ಗೌಡ, ಇವರೆಲ್ಲರೂ ಬರುವ ಮಾತನ್ನು ಅಷ್ಟೋ ಇಷ್ಟೋ ಸೋಸುತ್ತಿದ್ದರು. ಈಗ ಜರಡಿ ನಮ್ಮ ಕೈಯಲ್ಲಿದೆ. ನಾವು ಬಿಡುವು ಸಿಕ್ಕಿತೆಂದು ತಿಳಿದೆವು, ಸಿಕ್ಕದ್ದು ಕಾಯಕ.

ಇದರಲ್ಲಿ ನನಗಿನ್ನೂ ಬಗೆಹರಿಯದ ತೊಡಕೊಂದಿದೆ. ಮಠದ ಹಳೆಯ ವಿದ್ಯಾರ್ಥಿಗಳು ಕೂಡಿದ ಗುಂಪಿನಲ್ಲಿ ನಮಗೆ ಅಕ್ಷರ ಕಲಿಸಿದ ಗುರುಗಳೂ ಇರುತ್ತಾರೆ. ಅವರೇ ತಪ್ಪು ಸುದ್ದಿಯೊಂದನ್ನು ಕಳಿಸಿದರೆ ಏನು ಮಾಡಬೇಕು? ಎಲ್ಲರ ಮುಂದೆ ತಿದ್ದಿದರೆ ಅವರ ಮನ ನೊಂದೀತು. ಅವರೊಬ್ಬರಿಗೇ ಹೇಳಿದರೆ, ಅಷ್ಟರಲ್ಲಿ ಅವರ ಹೆಸರಿನ ಬಲದಿಂದಲೇ ಅದು ನೂರು ಮನೆ ಸೇರಿರುತ್ತದೆ. ಮೊದಲು ಅವರಿಗೇ ಫೋನು ಮಾಡಿ, ಅವರ ಬಾಯಿಂದಲೇ ತಿದ್ದುಪಡಿ ಬರುವಂತೆ ಮಾಡುವುದು ಲೇಸೆಂದು ನಾನು ಬಗೆದು ಹಾಗೆಯೇ ನಡೆದಿದ್ದೇನೆ. ಒಬ್ಬ ಗುರುಗಳು ಮಾತ್ರ ಸಿಟ್ಟಾದರು. ಇನ್ನೊಬ್ಬರು ಗುಂಪಿನಲ್ಲಿ ತಮ್ಮ ಹೆಸರು ಹಾಕಿ, ‘ನಾನು ಕಳಿಸಿದ್ದು ತಪ್ಪು, ಯಾರಿಗೆ ದಾಟಿಸಿದ್ದೀರೋ ಅವರಿಗೆಲ್ಲ ತಿಳಿಸಿರಿ’ ಎಂದು ಬರೆದರು. ಶಾಲೆಯಲ್ಲಿ ಅವರು ಕಲಿಸಿದ್ದೆಲ್ಲ ಮರೆತಿದ್ದರೂ ಇದೊಂದು ಪಾಠ ನನಗೆ ಮರೆಯದು.

2024ರ ಜುಲೈ ಕೊನೆಯಲ್ಲಿ ಘಟಪ್ರಭೆ ಮತ್ತೆ ಏರಿತು. ಲೋಳಸೂರ ಸೇತುವೆ ಮತ್ತೆ ಮುಳುಗಿತು. ಆ ಸಲ ನಾನು ಯಾರಿಗೂ ಏನನ್ನೂ ಕಳಿಸಿರಲಿಲ್ಲ. ಸಂಜೆ ಕಾಕಾನೇ ಫೋನು ಮಾಡಿದರು.

“ತಮ್ಮಾ, ಗೋಕಾಂವ್ಯಾಗ ನೀರು ಎಲ್ಲೀ ತನಕಾ ಬಂದೈತಿ? ನೀ ಕಂಡೀಯೇನು?”

“ನಾ ಕಂಡಿಲ್ಲ, ಕಾಕಾ. ನಾ ಬೆಳಗಾವ್ಯಾಗದೀನಿ. ಹೇಳಿದ್ದು ಕೇಳೀನಷ್ಟ” ಎಂದೆ.

“ಹಂಗಾರ ಕಂಡವರ ನಂಬರ್ ಕೊಡು” ಎಂದರು. ಕೊಟ್ಟೆ. ಅವರೊಡನೆ ಮಾತಾಡಿದರಂತೆ, ಆಮೇಲೆ ಬ್ಯಾಟರಿ ಹಿಡಿದು ತಾವೇ ಹೊಳೆಯವರೆಗೆ ಹೋಗಿ, ದಂಡೆಯಲ್ಲಿ ಗೂಟವೊಂದನ್ನು ಬಡಿದು, ನಡುರಾತ್ರಿಯವರೆಗೆ ತಾಸಿಗೊಮ್ಮೆ ನೋಡಿ ಬಂದರಂತೆ.